ಹೊಲ ಕಾಯ್ದವರ ಹೆಸರು ಯಾವ ಉತಾರದಾಗೂ ಇಲ್ಲ

ಬರಹ ಸ್ವಲ್ಪ ಉದ್ದ ಅದ, ಪುರುಸೊತ್ತು ಮಾಡಿಕೊಂಡು ಓದ್ರಿ.

ಕಾಡಹಂದಿ ಗೋವಿನಜೋಳ ಕೆಡವಿದ ಫೋಟೊ, ಚಿಗರಿ ಹಿಂಡು ಕಡಲೆ ಹೊಲದಾಗ ನಿಂತ ವಿಡಿಯೊ, ಕಬ್ಬಿನ ಹೊಲದಾಗ ಚಿರತೆ ಹೆಜ್ಜೆ ಕಂಡಿತು ಅನ್ನೋ ಸುದ್ದಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಕೂ ತಾಲೂಕಿನ ವಾಟ್ಸಾಪ್ ಗ್ರೂಪುಗಳಲ್ಲಿ ಇದು ಈಗ ದಿನದ ಮಾತಾಗಿದೆ. ಅದರ ಕೆಳಗೆ ಒಂದು ಕಮೆಂಟ್ ತಪ್ಪದೆ ಬರತದ: "ನಮ್ಮ ಹಿರಿಯರ ಕಾಲದಾಗ ಹಿಂಗ ಇರಲಿಲ್ಲ. ಆಗ ಮನುಷ್ಯಾ, ಪ್ರಾಣಿ ಹೊಂದಿಕೊಂಡು ಬಾಳತಿದ್ರು."

ಈ ಮಾತಿನ ಬಗ್ಗೆನೇ ಇವತ್ತು ಬರೀತಿದೀನಿ. ಹೊಂದಿಕೊಂಡು ಬಾಳತಿದ್ರು ಅಂದ್ರ ಯಾರು? ರಾತ್ರಿ ಹೊಲದಾಗ ಮಲಗತಿದ್ದವರು ಯಾರು? ಹಲಗಿ ಬಡಿದು ಹಂದಿ ಓಡಿಸತಿದ್ದವರು ಯಾರು? ಸತ್ತ ದನ ಊರ ಹೊರಗ ಎಳೀತಿದ್ದವರು ಯಾರು? ಊರಿಗೂ ಅಡವಿಗೂ ನಡುವೆ ಒಂದು ಗಡಿ ಇತ್ತು, ನಿಜ. ಆ ಗಡಿಯನ್ನು ಕಾಯ್ದದ್ದು ಕೂಲಿ ಇಲ್ಲದ ದುಡಿಮೆ. ಆ ದುಡಿಮೆ ನಮ್ಮ ಕೇರಿಗಳದ್ದು. ಇದನ್ನು ಬಿಟ್ಟು ಪ್ರಾಣಿ-ಮನುಷ್ಯರ ಸಂಘರ್ಷದ ಇತಿಹಾಸ ಬರೆದರೆ ಅದು ಅರ್ಧ ಇತಿಹಾಸ. ಅರ್ಧ ಇತಿಹಾಸದಿಂದ ಪೂರ್ತಿ ಪರಿಹಾರ ಹುಟ್ಟೋದಿಲ್ಲ.

ಕಿತ್ತೂರಿನಿಂದಲೇ ಶುರು ಮಾಡೋಣ. ಕಾಕತಿ ಸೀಮೆಯಲ್ಲಿ ಜನರನ್ನು ಕಾಡುತ್ತಿದ್ದ ಹುಲಿಯನ್ನು ಹೊಡೆಯಲು ಮಲ್ಲಸರ್ಜ ದೇಸಾಯಿ ಬಂದದ್ದು, ಅಲ್ಲೇ ಚೆನ್ನಮ್ಮನನ್ನು ಕಂಡದ್ದು, ಹುಲಿಗೆ ಬಿದ್ದ ಬಾಣ ಯಾರದು ಅಂತ ಮಾತಿಗೆ ಮಾತು ಬೆಳೆದದ್ದು, ಈ ಕಥೆ ನಮ್ಮ ಕಡೆ ಚಿಕ್ಕ ಹುಡುಗರಿಗೂ ಗೊತ್ತು. 1824ರಲ್ಲಿ ಥ್ಯಾಕರೆಯನ್ನು ಎದುರಿಸಿ ನಿಂತ ಆ ತಾಯಿ ನಮಗೂ ಹೆಮ್ಮೆಯೇ. ಆದರೆ ಕಥೆಯಲ್ಲಿ ಬಾಣ ಬಿಟ್ಟವರ ಹೆಸರು ಅದ, ಹುಲಿಯನ್ನು ಪೊದೆಯಿಂದ ಎಬ್ಬಿಸಿದವರ ಹೆಸರಿಲ್ಲ. ದೊರೆ ಬೇಟೆಗೆ ಹೊರಟರೆ ಹತ್ತಾರು ಮಂದಿ ಮುಂಚೆ ಹೋಗಬೇಕು. ಹಲಗಿ ಬಡಿಯಬೇಕು, ಕೂಗು ಹಾಕಬೇಕು, ಗಿಡಗಂಟಿಯೊಳಗೆ ನುಗ್ಗಿ ಪ್ರಾಣಿಯನ್ನು ದೊರೆಯ ಕಡೆ ಓಡಿಸಬೇಕು. ಗಾಯಗೊಂಡ ಹುಲಿ, ಹಂದಿ ತಿರುಗಿ ಬಿದ್ದರೆ ಮೊದಲು ಸಿಗುವವರು ಇವರೇ. ಮುಂದೆ ಕಂಪನಿ ಸಾಹೇಬರ ಶಿಕಾರಿಗೂ, ಸಂಸ್ಥಾನಿಕರ ಶಿಕಾರಿಗೂ ಇದೇ ಬಿಟ್ಟಿ ಚಾಕರಿ ನಡೆಯಿತು.

ದಿನನಿತ್ಯದ ಕಾವಲು ಇದಕ್ಕಿಂತ ದೊಡ್ಡ ಕೆಲಸ. ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿ ಬೆಳಗಾವಿ ಜಿಲ್ಲೆಯೂ ಇತ್ತು. ಅಲ್ಲಿ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಬಂತು. ನಾವು ವತನ ಕಾಯ್ದೆ ಅಂತೀವಿ. ಮೇಲಿನ ವತನ ಗೌಡರಿಗೆ, ಕುಲಕರ್ಣಿಗೆ. ಕೆಳಗಿನ ಚಾಕರಿ ತಳವಾರರಿಗೆ, ಓಲೇಕಾರರಿಗೆ, ಹೊಲಗೇರಿ-ಮಾದಿಗರ ಕೇರಿಗಳಿಗೆ. ಡಂಗುರ ಸಾರೋದು, ಟಪಾಲು ಒಯ್ಯೋದು, ಸೀಮೆ ಕಲ್ಲು ತೋರಿಸೋದು, ಬೆಳೆ ಕಾಯೋದು, ಕಣ ಕಾಯೋದು, ಸತ್ತ ದನ ಎಳೆಯೋದು. ಇದಕ್ಕೆ ಸಂಬಳ ಇಲ್ಲ. ಚೂರು ಇನಾಮು ಜಮೀನು, ಮತ್ತು ರಾಶಿ ಆದಾಗ ಕಣದ ಅಂಚಿನಲ್ಲಿ ನಿಂತು ಸೆರಗೊಡ್ಡಿ ತಗೊಳ್ಳೋ ಆಯ. ಆ ವರ್ಷ ಹಂದಿ ತಿಂದು ಬೆಳೆ ಕಡಿಮೆ ಆದರೆ ಆಯವೂ ಕಡಿಮೆ. ಅಂದರೆ ಹೊಲ ಒಡೆಯನದ್ದು, ನಷ್ಟದ ಪಾಲು ಮಾತ್ರ ಕಾಯ್ದವನಿಗೂ ಬರತಿತ್ತು.

ನಮ್ಮ ಅಜ್ಜಿ ಹೇಳತಿದ್ಲು: "ಮುಂಗಾರಿಗೆ ಹಂದಿ ಕಾಯಾಕ, ಹಿಂಗಾರಿಗೆ ಹಕ್ಕಿ ಕಾಯಾಕ, ಸುಗ್ಗಿಗೆ ಕಣಾ ಕಾಯಾಕ. ನಿಮ್ಮ ಮುತ್ಯಾ ಮನ್ಯಾಗ ಮಲಗಿದ್ದು ಜಡ್ಡು ಬಿದ್ದಾಗ ಅಷ್ಟ." ಇದು ನಮ್ಮ ಮನೆಯ ಒಂದೇ ಮಾತಲ್ಲ. ನಿಮ್ಮ ನಿಮ್ಮ ಕೇರಿಯ ಹಿರಿಯರನ್ನು ಕೇಳಿ ನೋಡಿ. ಕೈಯಾಗ ಒಂದು ಕವಣಿ, ಒಂದು ಬಡಿಗಿ, ಒಂದು ಹಲಗಿ, ಹೊದೆಯಾಕ ಒಂದು ಹರಕು ಕಂಬಳಿ. ಅಷ್ಟೇ ಅವರ ಆಯುಧ.

ಆಯುಧದ ಮಾತು ಬಂತು. ರಾಮದುರ್ಗದ ಮಗ್ಗುಲಲ್ಲೇ ಮುಧೋಳ ತಾಲೂಕಿನ ಹಲಗಲಿ ಅದ. 1857ರಲ್ಲಿ ಬ್ರಿಟಿಷರು ಹತಾರ ಕಾಯ್ದೆ ತಂದು, ಜನ ತಮ್ಮ ಕತ್ತಿ-ಬಂದೂಕು ಒಪ್ಪಿಸಬೇಕು, ಇಲ್ಲವಾದರೆ ಪರವಾನಗಿ ತಗೋಬೇಕು ಅಂದರು. ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೂ ಕಾವಲೂ ಬದುಕಾಗಿದ್ದ ಜನಕ್ಕೆ ಹತಾರ ಕೊಡೋದಂದರೆ ಅನ್ನ ಕೊಟ್ಟಂಗ. ಆ ವರ್ಷದ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು, 19 ಮಂದಿಯನ್ನು ಗಲ್ಲಿಗೇರಿಸಿದರು. ಮರುವರ್ಷ, 1858ರ ಮೇ ತಿಂಗಳಲ್ಲಿ, ನರಗುಂದದ ಬಾಬಾಸಾಹೇಬ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದು ನಮ್ಮ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ. ಇವನ್ನೆಲ್ಲ ನಾವು ಸ್ವಾತಂತ್ರ್ಯದ ಇತಿಹಾಸ ಅಂತ ಓದತೀವಿ, ಸರಿ. ಇದರೊಳಗೆ ಇನ್ನೊಂದು ಇತಿಹಾಸವೂ ಅದ. ಅಡವಿ ಅಂಚಿನ ಬಡವರ ಕೈಯಿಂದ ಹತಾರ ಹೋಯಿತು. 1878ರ ಆರ್ಮ್ಸ್ ಆ್ಯಕ್ಟ್ ಆದ ಮೇಲೆ ಬಂದೂಕು ಪರವಾನಗಿಯ ವಸ್ತು ಆಯಿತು. ಪರವಾನಗಿ ಸಿಗೋದು ಭೂಮಿ ಇದ್ದವರಿಗೆ, ಸಾಹೇಬರ ಹತ್ತಿರ ಮಾತು ನಡೆಯೋರಿಗೆ. ಬಂದೂಕು ವಾಡೆದ ಗೋಡೆಗೆ ನೇತು ಬಿತ್ತು. ಹೊಲದಾಗ ಮಲಗುವವನಿಗೆ ಅದೇ ಕವಣಿ, ಅದೇ ಹಲಗಿ.

ಅದೇ ಕಾಲಕ್ಕೆ ಸರ್ಕಾರ ಇನ್ನೊಂದು ಕೆಲಸ ಮಾಡಿತು. ಹುಲಿ, ಚಿರತೆ, ತೋಳ ಕೊಂದು ತಂದವರಿಗೆ ಬಹುಮಾನ ಇಟ್ಟಿತು. ಇತಿಹಾಸಕಾರ ಮಹೇಶ್ ರಂಗರಾಜನ್ ಹಳೆ ದಾಖಲೆಗಳನ್ನು ಲೆಕ್ಕ ಹಾಕಿ ಬರೆದಿದ್ದಾರೆ: 1875ರಿಂದ 1925ರ ವರೆಗೆ ಬ್ರಿಟಿಷ್ ಇಂಡಿಯಾದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, ಸುಮಾರು 2,00,000 ತೋಳಗಳನ್ನು ಬಹುಮಾನಕ್ಕಾಗಿ ಕೊಂದರು. ನಮ್ಮ ಬಯಲುಸೀಮೆಯ ಮುಖ್ಯ ಬೇಟೆಗಾರ ತೋಳ. ಚಿಗರಿ ಮರಿ, ಮೊಲ, ಹಂದಿ ಮರಿ ಅದರ ಆಹಾರ. ತೋಳ ಕುರಿಯನ್ನೂ ಹಿಡಿಯತದ, ಕುರುಬರಿಗೆ ಅದು ದೊಡ್ಡ ನಷ್ಟ, ಇಲ್ಲ ಅನ್ನಲ್ಲ. ಆದರೆ ತೋಳ, ಹುಲಿ ಇಲ್ಲದ ಸೀಮೆಯಲ್ಲಿ ಹಂದಿಯನ್ನು ತಡೆಯೋರು ಯಾರು? ಮತ್ತೆ ಮನುಷ್ಯನೇ. ಅಂದರೆ ಮತ್ತೆ ನಾವೇ.

ಈಗ ಬಾಬಾಸಾಹೇಬರ ಕಡೆ ಬರೋಣ. 1928ರ ಮಾರ್ಚ್ 19ರಂದು ಡಾ. ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿನಲ್ಲಿ ಆ 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಅದೇ ಪರಿಷತ್ತಿನ ಕೆಳಗಿತ್ತು ಅನ್ನೋದು ನೆನಪಿರಲಿ. ಅವರ ವಾದ ಸರಳ. ವತನದಾರ ಹಗಲು-ರಾತ್ರಿ 24 ತಾಸೂ ಊರಿನ ಮತ್ತು ಸರ್ಕಾರದ ಆಳು, ಅವನಿಲ್ಲದಿದ್ದರೆ ಅವನ ಮನೆಯವರನ್ನು ಹಿಡಿದು ದುಡಿಸತಾರ, ಇದಕ್ಕೆ ತಕ್ಕ ಸಂಬಳವೇ ಇಲ್ಲ. ಕಣದಲ್ಲಿ ಕೈಯೊಡ್ಡಿ ತಗೊಳ್ಳೋ ಕಾಳಿನ ಬದಲು, ಅದನ್ನು ಹಣದ ರೂಪಕ್ಕೆ ತಂದು ಕಂದಾಯದ ಜೊತೆ ವಸೂಲಿ ಮಾಡಿ ಕೊಡ್ರಿ ಅಂದರು. ಭಿಕ್ಷೆ ಸಂಬಳ ಆಗಬೇಕು ಅನ್ನೋದು ಅದರ ತಿರುಳು. ಮಸೂದೆ ಪಾಸಾಗಲಿಲ್ಲ.

ನಮ್ಮ ಕಡೆ ಈ ಕೆಳ ಹುದ್ದೆಗಳು ಕಾನೂನಿನಲ್ಲಿ ಹೋಗಲಿಕ್ಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬರಬೇಕಾಯಿತು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ನಮ್ಮ ಮಂದಿ ಬಿಟ್ಟಿ ಕಾವಲು ಬಿಟ್ಟರು. ಸತ್ತ ದನ ಎಳೆಯೋದನ್ನೂ ಒಂದೊಂದೇ ಕೇರಿ ಬಿಟ್ಟಿತು. 1927ರ ಮಹಾಡ್ ಸಭೆಯಲ್ಲೇ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡ್ರಿ ಅಂತ ಹೇಳಿದ್ದರು. ಎಳೆಯಲ್ಲ ಅಂದದ್ದಕ್ಕೆ ಎಷ್ಟೋ ಊರಾಗ ನಮ್ಮವರಿಗೆ ಬಹಿಷ್ಕಾರ ಬಿತ್ತು, ಹೊಡೆತ ಬಿತ್ತು. ಆದರೂ ಬಿಟ್ಟರು. ಅದು ನಮ್ಮ ಸ್ವಾಭಿಮಾನದ ಗೆಲುವು.

ಆದರೆ ನಾವು ಕೆಳಗಿಟ್ಟ ಆ ಕೆಲಸವನ್ನು ಕೂಲಿ ಕೊಟ್ಟು ಮಾಡಿಸೋ ವ್ಯವಸ್ಥೆಯನ್ನು ಊರೂ ಮಾಡಲಿಲ್ಲ, ಸರ್ಕಾರವೂ ಮಾಡಲಿಲ್ಲ. ಪರಿಣಾಮ ನೋಡ್ರಿ. ಸತ್ತ ದನ ಹಳ್ಳದ ದಂಡಿಗೆ, ರಸ್ತೆ ಬದಿಗೆ ಬಿದ್ದವು. ಮೊದಲು ರಣಹದ್ದು ತಿಂದು ಮುಗಿಸುತ್ತಿದ್ದವು. 1990ರ ನಂತರ ದನಗಳಿಗೆ ಕೊಡೋ ಡೈಕ್ಲೊಫೆನಾಕ್ ಅನ್ನೋ ನೋವಿನ ಔಷಧದಿಂದ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99ಕ್ಕೂ ಹೆಚ್ಚು ಸತ್ತವು. 2006ರಲ್ಲಿ ಆ ಔಷಧವನ್ನು ದನಗಳಿಗೆ ಕೊಡೋದು ನಿಷೇಧ ಆಯಿತು, ಅಷ್ಟರಾಗ ಹದ್ದು ಮುಗಿದಿದ್ದವು. ಹದ್ದು ಇಲ್ಲದ ಕಡೆ ನಾಯಿ ಹೆಚ್ಚಾದವು. ನಾಯಿ ಹೆಚ್ಚಾದಲ್ಲಿ ಚಿರತೆಗೆ ಊಟ ಸಲೀಸು. ಊರಂಚಿನಲ್ಲಿ ಚಿರತೆ ಯಾಕ ಬರತದ ಅಂತ ಕೇಳೋರು ಈ ಸರಪಳಿಯನ್ನೂ ನೋಡಬೇಕು.

ಇದೇ ಹೊತ್ತಿಗೆ ನೆಲ ಬದಲಾಯಿತು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು. 1970ರ ದಶಕದಿಂದ ಕಾಲುವೆ ನೀರು, ಆಮೇಲೆ ನದಿ ದಂಡೆಯ ಪಂಪ್‌ಸೆಟ್, ಬೋರ್‌ವೆಲ್. ಎರಿ ಹೊಲದ ಬಿಳಿಜೋಳ, ಹತ್ತಿ, ಕಡಲೆ, ಕುಸುಬೆ ಇದ್ದಲ್ಲಿ ಕಬ್ಬು, ಗೋವಿನಜೋಳ ಬಂದವು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆ, ಬೈಲಹೊಂಗಲದ ಸೋಮೇಶ್ವರ ಕಾರ್ಖಾನೆ ಈ ಬದಲಾವಣೆಯ ಗುರುತು. ಜೋಳದ ಹೊಲ ನಾಕು ತಿಂಗಳು ನಿಂತು ಖಾಲಿ ಆಗತದ. ಕಬ್ಬು ವರ್ಷಪೂರ್ತಿ ನಿಲ್ಲತದ. ನೆರಳು, ನೀರು, ಊಟ ಎಲ್ಲ ಒಂದೇ ಕಡೆ. ಹಂದಿಗೆ ಅದೇ ಅಡವಿ. ಹಂದಿ, ನಾಯಿ ಇದ್ದಲ್ಲಿ ಚಿರತೆಗೂ ಅದೇ ಅಡವಿ. ಹಗಲು ಕಬ್ಬಿನಾಗ ಮಲಗಿ ರಾತ್ರಿ ಪಕ್ಕದ ಶೇಂಗಾ, ಗೋವಿನಜೋಳಕ್ಕೆ ನುಗ್ಗತಾವು. ಕಬ್ಬು ಹಚ್ಚಿದವನಿಗೆ ಲಾಭ, ಪಕ್ಕದಾಗ ಎರಡು ಎಕರೆ ಒಣಭೂಮಿಯವನಿಗೆ ಲುಕ್ಸಾನು.

ಇನ್ನು ಗಾಯರಾಣ. ಚಿಗರಿ, ತೋಳ, ನರಿ, ಮೊಲ ಇವು ದಟ್ಟ ಕಾಡಿನ ಪ್ರಾಣಿಗಳಲ್ಲ, ಹುಲ್ಲುಗಾವಲಿನವು. ಊರ ಗಾಯರಾಣ, ಗುಡ್ಡದ ಇಳಿಜಾರು, ಹಳ್ಳದ ದಂಡಿ ಅವುಗಳ ಮನೆ. ಆ ಗಾಯರಾಣವನ್ನು ಬಲಾಢ್ಯರು ಒತ್ತಿದರು, ಉಳಿದದ್ದು ಕಲ್ಲುಗಣಿ, ಲೇಔಟು, ಸರ್ಕಾರಿ ಕಟ್ಟಡಕ್ಕೆ ಹೋಯಿತು. ನಮ್ಮವರೂ ಗಾಯರಾಣದ ಅಂಚಿನಾಗ, ಗುಡ್ಡದ ಬುಡದಾಗ ಎಕರೆ-ಎರಡೆಕರೆ ಕಲ್ಲು ತೆಗೆದು ಬಗರ್ ಹುಕುಂ ಸಾಗುವಳಿ ಮಾಡಿದರು. ಇದನ್ನು ಮುಚ್ಚಿಡೋದಿಲ್ಲ. ಆದರೆ ಯಾಕ ಅಲ್ಲಿ? ಊರ ನಡುವಿನ ಎರಿ ಭೂಮಿ ಅವರಿಗೆ ಯಾವ ಕಾಲಕ್ಕೂ ಸಿಗಲಿಲ್ಲ. ಹಾಗಾಗಿ ಕಿತ್ತೂರಿನ ಪಡುವಣ ಅಡವಿ ಅಂಚಾಗಲಿ, ಸವದತ್ತಿ-ರಾಮದುರ್ಗದ ಕಲ್ಲುಗುಡ್ಡದ ಅಂಚಾಗಲಿ, ಹಂದಿ ಮೊದಲು ಇಳಿಯೋದು ಬಡವನ ಹೊಲಕ್ಕೆ. ಒಡೆಯನ ತೋಟ ಆಮೇಲೆ ಬರತದ.

ಕಾನೂನು 1972ರಲ್ಲಿ ಬದಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆ ನಿಂತಿತು. ಚಿಗರಿ, ತೋಳ, ಚಿರತೆ, ನವಿಲು ಮೊದಲ ಪಟ್ಟಿಯಲ್ಲಿ ಅವ. ಚಿಗರಿಗಾಗಿ 1974ರಲ್ಲಿ ರಾಣೆಬೆನ್ನೂರಿನಾಗ ಅಭಯಾರಣ್ಯ ಆಯಿತು, ನಮ್ಮ ನೆರೆಯ ಖಾನಾಪುರದಾಗ 2011ರಲ್ಲಿ ಭೀಮಗಡ, ಮುಧೋಳ-ಬೀಳಗಿ ಕಡೆ 2016ರಲ್ಲಿ ಯಡಹಳ್ಳಿ ಚಿಂಕಾರ ಅಭಯಾರಣ್ಯ ಆದವು. ಈ ಕಾಯ್ದೆ ಬೇಕಾಗಿತ್ತು ಅಂತಲೇ ನನ್ನ ಅಭಿಪ್ರಾಯ. ದೊರೆಗಳ ಶಿಕಾರಿ ನಿಂತದ್ದು ಒಳ್ಳೆಯದೇ. "ಎಲ್ಲಾ ಹಂದಿ ಹೊಡೆದು ಹಾಕ್ರಿ" ಅನ್ನೋ ಕೂಗಿಗೆ ನಾನು ದನಿ ಸೇರಿಸೋದಿಲ್ಲ. ಆದರೆ ಕಾಯ್ದೆ ಪ್ರಾಣಿಯನ್ನು ಲೆಕ್ಕಕ್ಕೆ ತಗೊಂಡಿತು, ಪರಿಹಾರದ ನಿಯಮ ಭೂಮಾಲೀಕನನ್ನು ಲೆಕ್ಕಕ್ಕೆ ತಗೊಂಡಿತು. ನಡುವೆ ನಿಂತು ಕಾಯುವವ ಎರಡೂ ಲೆಕ್ಕದಾಗ ಇಲ್ಲ.

ನಾನು ಕಚೇರಿಯಲ್ಲಿ ಗುಮಾಸ್ತನ ಕೆಲಸ ಮಾಡೋನು. ಫಾರಮ್ಮಿನಾಗ ಕಾಲಂ ಇಲ್ಲದ ಮನುಷ್ಯ ಸರ್ಕಾರಕ್ಕೆ ಕಾಣೋದಿಲ್ಲ ಅನ್ನೋದು ನನಗೆ ದಿನಾ ಗೊತ್ತಾಗೋ ಸತ್ಯ. ಬೆಳೆ ಹಾನಿ ಪರಿಹಾರದ ಅರ್ಜಿ ನಿಂತಿರೋದು ಸರ್ವೆ ನಂಬರಿನ ಮೇಲೆ, ಉತಾರದ ಮೇಲೆ. ಲಾವಣಿ ಹಿಡಿದು ಹೊಲ ಮಾಡೋನ ಹೆಸರು ಉತಾರದಾಗ ಇರೋದಿಲ್ಲ. ಲಾವಣಿ ಪತ್ರವಾದರೂ ಮಾಡಿಸಿಕೊಳ್ಳಲಿ ಅಂದರೆ ಆಗೋದಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕೃಷಿ ಭೂಮಿಯನ್ನು ಗೇಣಿಗೆ ಕೊಡೋದನ್ನೇ ನಿಷೇಧ ಮಾಡಿದೆ. "ಉಳುವವನೇ ಒಡೆಯ" ಅನ್ನೋ ದೊಡ್ಡ ಕಾಯ್ದೆ ಅದು, ಅದರಿಂದ ಭೂಮಿ ಸಿಕ್ಕವರು ಅನೇಕರು. ಆದರೆ ಇವತ್ತು ಊರೂರಲ್ಲಿ ಬಾಯಿಮಾತಿನ ಲಾವಣಿ ನಡೆದೇ ಅದ. ದುಡ್ಡು ಕೊಟ್ಟು, ಬೀಜ-ಗೊಬ್ಬರ ಹಾಕಿ, ರಾತ್ರಿ ಕಾಯ್ದು, ಹಂದಿ ತಿಂದ ಮೇಲೆ ಪರಿಹಾರ ಮಾತ್ರ ಬೇರೆಯವರ ಖಾತೆಗೆ. ಫಾರಂ 50, 53, 57 ತುಂಬಿ ಕಾಯ್ತಾ ಕೂತ ಬಗರ್ ಹುಕುಂ ಸಾಗುವಳಿದಾರನಿಗೂ ಇದೇ ಗತಿ.

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ, 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾನಿಯನ್ನೂ ಫಸಲ್ ಬಿಮಾದೊಳಗೆ ತರತೀವಿ ಅಂತ ಹೇಳಿತು. ಹಾನಿಯಾದ 72 ತಾಸಿನೊಳಗೆ ಆ್ಯಪ್‌ನಲ್ಲಿ ಸ್ಥಳ ಗುರುತಿನ ಫೋಟೊ ಹಾಕಬೇಕು. ಬಿಮಾ ನಿಯಮದ ಪ್ರಕಾರ ಗೇಣಿದಾರರು, ಪಾಲಿಗೆ ಮಾಡೋರು ಕೂಡ ಅರ್ಹರು. ಆದರೆ ಗೇಣಿಗೆ ಕಾಗದವೇ ಇಲ್ಲದ ನಮ್ಮ ರಾಜ್ಯದಾಗ ಅವರು ಏನು ತೋರಿಸಬೇಕು? ಪ್ರಾಣಿ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡೋ ಪರಿಹಾರವನ್ನು ರಾಜ್ಯ ಸರ್ಕಾರ 2022ರ ಕೊನೆಗೆ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಒಳ್ಳೆಯದು. ಅಂದರೆ ಭೂಮಿ ಇಲ್ಲದವ ಲೆಕ್ಕಕ್ಕೆ ಬರೋದು ಸತ್ತ ಮೇಲೆ ಅಂತಾಯಿತು. ಬದುಕಿದ್ದು ರಾತ್ರಿ ಕಾಯೋವಾಗ ಅವನಿಗೆ ಯಾವ ಲೆಕ್ಕವೂ ಇಲ್ಲ.

ಕಾಯುವವರು ಸಿಗದಿದ್ದಾಗ ಏನಾಗತದ? ಬೇಲಿಗೆ ಲೈನಿನಿಂದ ಕರೆಂಟ್ ಎಳೀತಾರ. ಮದ್ದಿನ ಉಂಡೆ ಇಡತಾರ. ಕರೆಂಟಿಗೆ ಹಂದಿ ಯಾವುದು, ಮನುಷ್ಯ ಯಾವುದು ಗೊತ್ತಾಗೋದಿಲ್ಲ. ಬೆಳಗಿನ ಜಾವ ನೀರು ಹಾಯಿಸಲು ಹೋಗೋ ಆಳು, ಹುಲ್ಲಿಗೆ ಹೋಗೋ ಹೆಣ್ಣುಮಗಳು, ಕುರಿ ಕಾಯೋ ಹುಡುಗ ಮೊದಲು ತುಳಿಯತಾರ. ಸೋಲಾರ್ ಬೇಲಿ ಬೇರೆ. ಅದು ಬಿಟ್ಟು ಬಿಟ್ಟು ಹೊಡೆಯೋ ಸಣ್ಣ ಝಳಕು, ಸರಿಯಾಗಿ ಹಾಕಿದರೆ ಜೀವ ತೆಗೆಯೋದಿಲ್ಲ. ಲೈನಿನ ಕರೆಂಟ್ ಎಳೆಯೋದು ವಿದ್ಯುತ್ ಕಳವು ಅಷ್ಟೇ ಅಲ್ಲ, ಜೀವಕ್ಕೆ ಇಟ್ಟ ಬಲೆ.

ಇನ್ನೊಂದು ಗುಂಪಿನ ಮಾತು ಹೇಳಲೇಬೇಕು. ಕಬ್ಬು ಕಡಿಯೋ ಗ್ಯಾಂಗ್‌ಗಳು. ಹಿಂಗಾರಿನಿಂದ ಬ್ಯಾಸಿಗಿವರೆಗೆ ಹೊಲದ ಬದುವಿಗೆ ಜೋಪಡಿ ಹಾಕಿಕೊಂಡು ಇರತಾರ, ಮಕ್ಕಳು ಮರಿ ಸಮೇತ. ದೀಪ ಇಲ್ಲ, ಸಂಡಾಸ ಇಲ್ಲ. ಬಹಳಷ್ಟು ಮಂದಿ ದಲಿತರು, ಲಂಬಾಣಿಗಳು. ಚಿರತೆ ಕಬ್ಬಿನಾಗ ಮರಿ ಹಾಕಿದ್ದರೆ ರವದಿ ನಡುವೆ ಅದು ಮೊದಲು ಸಿಗೋದು ಇವರ ಕೈಗೆ. ಪಕ್ಕದ ಮಹಾರಾಷ್ಟ್ರದ ಜುನ್ನರ್ ಸೀಮೆಯ ಅನುಭವ ಇಲ್ಲಿ ಕಲಿಯೋ ಹಂಗ ಅದ. ಅಲ್ಲಿ 2001ರ ಸುಮಾರಿಗೆ ಚಿರತೆಗಳನ್ನು ಹಿಡಿದು ಬೇರೆ ಕಡೆ ಬಿಟ್ಟರು. ದಾಳಿ ಕಡಿಮೆ ಆಗುವ ಬದಲು ಹೆಚ್ಚಾಯಿತು ಅಂತ ವಿಜ್ಞಾನಿ ವಿದ್ಯಾ ಅತ್ರೇಯ ಅವರ ಅಧ್ಯಯನ ತೋರಿಸಿತು. ಗುರುತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ಗಾಬರಿಯಾಗತದ. ಮರಿ ಸಿಕ್ಕರೆ ಒಯ್ಯದೆ ಅದೇ ಜಾಗದಾಗ ಸಂಜೆ ಇಟ್ಟರೆ ತಾಯಿ ಬಂದು ಕರಕೊಂಡು ಹೋಗತದ ಅನ್ನೋದೂ ಅಲ್ಲಿ ಎಷ್ಟೋ ಸಲ ಸಾಬೀತಾಗಿದೆ.

ಹಂಗಾದರೆ ಏನು ಮಾಡಬೇಕು? ನನ್ನ ತಿಳಿವಳಿಕೆಯ ಮಟ್ಟಿಗೆ:

1. ರಾತ್ರಿ ಕಾವಲು ಕೂಲಿ ಕೆಲಸ ಅಂತ ಒಪ್ಪಿಕೊಳ್ಳಬೇಕು. ಬೆಳೆ ನಿಂತ ತಿಂಗಳುಗಳಲ್ಲಿ ಪಂಚಾಯ್ತಿ ಮಟ್ಟದಾಗ ಕಾವಲು ತಂಡ, ಕನಿಷ್ಠ ವೇತನ, ಬ್ಯಾಟರಿ, ಬೂಟು, ವಿಮೆ. ಯಾವ ಜಾತಿಯವರಾದರೂ ಸೇರಬಹುದು, ಯಾರಿಗೂ ಹುಟ್ಟಿನಿಂದ ಬಂದ ಕೆಲಸ ಆಗಬಾರದು.

2. ಪರಿಹಾರ ಬೆಳೆದವನಿಗೆ ಹೋಗಬೇಕು. ಪಂಚನಾಮೆಯಲ್ಲಿ "ಸಾಗುವಳಿ ಮಾಡುವವರು" ಅನ್ನೋ ಕಾಲಂ ಸೇರಿಸಿ, ಗ್ರಾಮಸಭೆ ದೃಢೀಕರಿಸಿದರೆ ಸಾಕು ಅನ್ನಬೇಕು.

3. ಉಳಿದ ಗಾಯರಾಣ, ಗುಡ್ಡ, ಹಳ್ಳದ ದಂಡಿ ಉಳಿಯಬೇಕು. ಒತ್ತುವರಿ ತೆರವು ಅಂದರೆ ಮೊದಲು ದೊಡ್ಡವರ ಹತ್ತಾರು ಎಕರೆ, ಬಡವನ ಒಂದೆಕರೆ ಅಲ್ಲ.

4. ಕರೆಂಟ್ ಬೇಲಿ, ಮದ್ದಿನ ಉಂಡೆಗೆ ಹೊಲದ ಮಾಲೀಕ ಹೊಣೆ. ತಂತಿ ಕಟ್ಟಿದ ಆಳಿನ ಮೇಲೆ ಕೇಸು ಹಾಕಿ ಮಾಲೀಕನನ್ನು ಬಿಡಬಾರದು.

5. ಕಬ್ಬು ಒಂದು ಬದಿಯಿಂದ ಕಡಿಯುತ್ತಾ ಹೋಗಿ ಪ್ರಾಣಿಗೆ ಓಡಲಿಕ್ಕೆ ಇನ್ನೊಂದು ಬದಿ ಬಿಡಬೇಕು. ಗ್ಯಾಂಗ್‌ಗಳ ಜೋಪಡಿಗೆ ದೀಪ, ಸಂಡಾಸ ಕೊಡೋದು ಕಾರ್ಖಾನೆಗಳ ಕರ್ತವ್ಯ ಆಗಬೇಕು.

6. ಸತ್ತ ದನ ಹೂಳಲಿಕ್ಕೆ ಪಂಚಾಯ್ತಿ ಜೆಸಿಬಿ ಮತ್ತು ಜಾಗ ಇಡಬೇಕು. ಕೇರಿ ಕಡೆ ಕೈ ತೋರಿಸೋ ಕಾಲ ಮುಗಿದದ.

ಪ್ರಾಣಿ ನಮ್ಮ ವೈರಿ ಅಲ್ಲ. ಹಂದಿಗೂ ಹೊಟ್ಟಿ ಅದ, ಚಿರತೆಗೂ ಮರಿ ಅವ. ಎರಡು ಎಕರೆಯವನ ಬಾಯಿಗೆ ಬಂದ ತುತ್ತು ಹೋಗೋದೂ ಅಷ್ಟೇ ನಿಜ. "ಹಿರಿಯರ ಕಾಲದಾಗ ಹೊಂದಾಣಿಕೆ ಇತ್ತು" ಅಂತ ಹೇಳೋರಿಗೆ ನನ್ನ ಉತ್ತರ ಇಷ್ಟೇ: ಆ ಹೊಂದಾಣಿಕೆಯ ಖರ್ಚು ಯಾರು ಕೊಟ್ಟರು ಅಂತಲೂ ಹೇಳ್ರಿ. ಅದು ಮತ್ತೆ ಬೇಕು ಅಂದರೆ ಈ ಸಲ ಕೂಲಿ ಕೊಟ್ಟು, ಹೆಸರು ಬರಕೊಂಡು, ಮರ್ಯಾದೆಯಿಂದ ಆಗಬೇಕು.

ಗೆಳೆಯರೆ, ಒಂದು ಕೆಲಸ ಮಾಡ್ರಿ. ಮುಂದಿನ ಗ್ರಾಮಸಭೆಯಾಗ ಕಾಡುಪ್ರಾಣಿ ವಿಷಯ ಬಂದಾಗ ಎದ್ದು ನಿಂತು ಕೇಳ್ರಿ: "ಈ ಊರ ಹೊಲಗಳನ್ನ ರಾತ್ರಿ ಕಾಯೋರು ಯಾರ್‍ಯಾರು? ಅವರ ಹೆಸರು ಠರಾವಿನಾಗ ಬರ್‍ರಿ." ಬರೆದ ಠರಾವಿನ ಫೋಟೊ ಕೆಳಗೆ ಕಮೆಂಟಿನಾಗ ಹಾಕ್ರಿ. ನಾಕು ತಾಲೂಕಿನವು ಒಟ್ಟಾದರೆ ಜಿಲ್ಲಾಧಿಕಾರಿಗಳಿಗೂ ಅರಣ್ಯ ಇಲಾಖೆಗೂ ಮನವಿ ಕೊಡೋಣ. ಬರೆಯೋ ಕೆಲಸ ನಂದು.

ಜೈ ಭೀಮ್.